ಸೀಟ್ ಬೆಲ್ಟ್ ಹಾಕಿಕೊಂಡ ಹಿಟ್ಟು

ಕಾರಿನ ಮುಂದಿನ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಸೀಟ್ ಬೆಲ್ಟ್ ಬಿಗಿದುಕೊಂಡು ಇಡ್ಲಿ ಹಿಟ್ಟು ಕೂತಿತ್ತು. ಪಕ್ಕದಲ್ಲಿ, ಸ್ಟಿಯರಿಂಗ್ ಮುಂದೆ, ನಮ್ಮ ಮಾವ.

ಇಷ್ಟನ್ನು ಬರೆಯೋದಕ್ಕೆ ನನಗೆ ಐದು ದಿನ ಹಿಡಿಯಿತು. ಈ ಐದು ದಿನದಲ್ಲಿ ಮೂರು ಸಲ ಆಫೀಸ್ ಮೀಟಿಂಗಿನ ನಡುವೆ ನಗು ಉಕ್ಕಿ ಬಂದು ಕ್ಯಾಮೆರಾ ಆರಿಸಿದ್ದೇನೆ. ಒಂದು ಸಲ ಕಣ್ಣಲ್ಲಿ ನೀರೂ ಬಂತು. ಅದು ಸೀಟಿನ ಹೊಲಿಗೆ ಸಂದಿಯಲ್ಲಿ ಒಣಗಿ ಕೂತ ಹಿಟ್ಟನ್ನು ಹಲ್ಲುಕಡ್ಡಿಯಿಂದ ಕೆದಕುವಾಗ. ಮಮತೆಗಲ್ಲ, ಸೊಂಟ ಹಿಡಿದದ್ದಕ್ಕೆ.

ಮೊದಲಿಂದ ಹೇಳುತ್ತೇನೆ.

ನಾವಿರುವುದು ಮಿನಿಯಾಪೊಲಿಸ್ ಪಕ್ಕದ ಒಂದು ಬಡಾವಣೆಯಲ್ಲಿ. ಇಲ್ಲಿಯ ಜನವರಿ ಎಂಥದು ಅಂತ ಮೈಸೂರಿನಲ್ಲಿರೋರಿಗೆ ಅರ್ಥ ಮಾಡಿಸೋದು ಕಷ್ಟ. ಮಾವ ಮಾತ್ರ ಒಂದೇ ಮಾತಲ್ಲಿ ಮುಗಿಸುತ್ತಾರೆ. ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಗೆಳೆಯರು ಫೋನ್ ಮಾಡಿ "ಚಳಿ ಹೇಗಪ್ಪಾ?" ಅಂದರೆ, "ಹೊರಗಿಟ್ಟ ಸೋಡಾ ಹೆಪ್ಪುಗಟ್ಟಿ ಒಡೀಬಾರದು ಅಂತ ಇವರು ಫ್ರಿಜ್ ಒಳಗೆ ಬೆಚ್ಚಗಿಡ್ತಾರೆ ಕಣಯ್ಯ" ಅನ್ನುತ್ತಾರೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ "ಸುಮ್ನಿರಯ್ಯ" ಅನ್ನುವ ದನಿ. ನಮ್ಮ ಗರಾಜಿನ ಫ್ರಿಜ್ಜಿನ ಮಟ್ಟಿಗೆ ಮಾವ ಹೇಳಿದ್ದು ಅಕ್ಷರಶಃ ನಿಜ.

ಮಕ್ಕಳಿಗೆ ಡಿಸೆಂಬರ್ 20ರಿಂದ ಜನವರಿ 4ರ ತನಕ ರಜೆ. ಹದಿನಾರು ದಿನ. ಆರು ಜನ. ಹೊರಗೆ ಹೋದರೆ ಮೂಗು ಉದುರುವ ಚಳಿ, ಒಳಗೆ ಎಲ್ಲರ ಬಾಯಿ. ಮಗಳಿಗೆ ಹದಿನೇಳು, ಜಗತ್ತಿನಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಮಗನಿಗೆ ಹದಿಮೂರು, ತಿನ್ನುವುದನ್ನು ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲ. ಗಂಡನಿಗೆ ಐವತ್ತರ ಹತ್ತಿರ, ಫ್ರಿಜ್ ಬಾಗಿಲು ತೆರೆದು ನಿಂತು "ಬೆಣ್ಣೆ ಎಲ್ಲಿದೆ?" ಅಂತ ಬೆಣ್ಣೆಯನ್ನೇ ನೋಡುತ್ತಾ ಕೇಳುವ ವಯಸ್ಸು. ಇನ್ನು ಅತ್ತೆ ಮಾವ. ಅವರ ಕಥೆಗೆ ಬರುತ್ತಾ ಇದ್ದೇನೆ.

ಹಾಗಾಗಿ ಜನವರಿ 5, ಸೋಮವಾರಕ್ಕೆ ನಾನು ಹರಕೆ ಹೊತ್ತಂತೆ ಕಾದಿದ್ದೆ. ಮಕ್ಕಳನ್ನು ಕತ್ತಲಲ್ಲೇ ಸ್ಕೂಲ್ ಬಸ್ಸು ನುಂಗಿಕೊಂಡು ಹೋಯಿತು. ಏಳೂ ಕಾಲಕ್ಕೆ ಗಂಡ ಗರಾಜಿನಿಂದ ವ್ಯಾನ್ ತೆಗೆದುಕೊಂಡು ಹೊರಟರು. ಅತ್ತೆ ಮಾವನ ಕೋಣೆಯ ಬಾಗಿಲು ಮುಚ್ಚಿತ್ತು. ನನ್ನ ಮೊದಲ ಮೀಟಿಂಗ್ ಇದ್ದದ್ದು ಎಂಟೂವರೆಗೆ. ಅಂದರೆ ಒಂದು ಗಂಟೆಗೂ ಮೇಲೆ, ಪೂರ್ತಿ ನನ್ನದು.

ಗಟ್ಟಿ ಡಿಕಾಕ್ಷನ್ ಹಾಕಿ ಲೋಟದ ತುಂಬ ಕಾಫಿ ಬೆರೆಸಿಕೊಂಡೆ. ಕಿಟಕಿ ಪಕ್ಕದ ಕುರ್ಚಿ. ಈ ದಿನಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7.50ಕ್ಕೆ. ಹೊರಗೆ ನೀಲಿಗಪ್ಪು. ಹೊಸ ಹಿಮ ಸದ್ದನ್ನು ಹತ್ತಿಯ ಹಾಗೆ ಹೀರಿಕೊಳ್ಳುವುದರಿಂದ ಬೀದಿಗೆ ಬೀದಿಯೇ ಕಿವಿ ಮುಚ್ಚಿಕೊಂಡಂತಿತ್ತು. ಎದುರು ಮನೆಯವರು ಎಸೆದ ಕ್ರಿಸ್‌ಮಸ್ ಮರ ರಸ್ತೆ ಪಕ್ಕ ಮಗ್ಗುಲಾಗಿ ಮಲಗಿತ್ತು, ಮದುವೆ ಮುಗಿದ ಮೇಲೆ ಛತ್ರದ ಮುಂದೆ ಬಿದ್ದ ಬಾಳೆಕಂಬದ ಹಾಗೆ. ನಾನು ಕಾಫಿ ಬಾಯಿಗಿಟ್ಟೆ.

ಟಿಣ್.

ಲೋಟ ಇಳಿಸಿದೆ. ಏನೂ ಇಲ್ಲ. ಮತ್ತೆ ಎತ್ತಿದೆ.

ಟಿಣ್. ಟಿಣ್. ಟಿಣ್.

ಈ ದೇಶದಲ್ಲಿ ಮನೆ ಮಾಡಿದವರಿಗೆಲ್ಲ ಈ ಸದ್ದಿನ ಭಯ ಗೊತ್ತು. ಸ್ಮೋಕ್ ಅಲಾರ್ಮಿನ ಬ್ಯಾಟರಿ ಸಾಯುವ ಮುನ್ನ ಕೂಗುತ್ತೆ. ನಡುರಾತ್ರಿಯಲ್ಲೋ, ನೆಮ್ಮದಿಯ ಹೊತ್ತಲ್ಲೋ ಕೂಗುತ್ತೆ; ಎಲ್ಲಿಂದ ಅಂತ ಮಾತ್ರ ಹೇಳೋದಿಲ್ಲ. ನಮ್ಮ ಮನೆಯಲ್ಲಿ ಇಂಥವು ಏಳಿವೆ. ಕಾಫಿ ಲೋಟ ಕೈಯಲ್ಲಿ ಹಿಡಿದೇ ಕುರ್ಚಿ ಹೊತ್ತುಕೊಂಡು ಹೊರಟೆ. ಹಾಲಿನಲ್ಲಿ ಹತ್ತಿ ಕಿವಿಗೊಟ್ಟೆ, ಇದಲ್ಲ. ಮಗಳ ಕೋಣೆಯಲ್ಲಿ ಬಟ್ಟೆಯ ಗುಡ್ಡ ದಾಟಿ ಹತ್ತಿದೆ, ಇದೂ ಅಲ್ಲ. ಬೇಸ್‌ಮೆಂಟಿಗಿಳಿದೆ. ಸದ್ದು ನಿಲ್ಲುತ್ತೆ, ಮತ್ತೆ ಬರುತ್ತೆ. ನಾಲ್ಕನೇ ಸಲ ಕುರ್ಚಿ ಹತ್ತಿದಾಗ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಕೊನೆಗೆ ಗೊತ್ತಾಯಿತು, ಸದ್ದು ಬರುತ್ತಿರುವುದು ಗರಾಜಿನಿಂದ.

ಬಾಗಿಲು ತೆಗೆದೆ. ಕತ್ತಲ ಗರಾಜಿನಲ್ಲಿ ನಮ್ಮ ಎಲೆಕ್ಟ್ರಿಕ್ ಕಾರಿನ ಒಳಗಿನ ದೀಪ ಮಾತ್ರ ಉರಿಯುತ್ತಿತ್ತು, ಗರ್ಭಗುಡಿಯ ನಂದಾದೀಪದ ಹಾಗೆ. ಒಳಗೆ ಎರಡು ತಲೆ. ಎರಡಕ್ಕೂ ಮಂಕಿ ಕ್ಯಾಪ್.

ಕಳ್ಳರು ಅಂತ ಕಿರುಚಬೇಕು, ಆದರೆ ಅಮೆರಿಕದ ಯಾವ ಕಳ್ಳ ಕಾಫಿ ಬಣ್ಣದ ಮಂಕಿ ಕ್ಯಾಪ್ ಹಾಕಿಕೊಳ್ಳುತ್ತಾನೆ? ಹತ್ತಿರ ಹೋದೆ. ಎಡಗಡೆಯ ತಲೆ ಕಿಟಕಿ ಇಳಿಸಿ, "ಬಾಗಿಲು ಹಾಕಮ್ಮ, ಚಳಿ ಬರುತ್ತೆ" ಅಂದಿತು. ಬಲಗಡೆಯ ತಲೆ ಮಾತಾಡಲಿಲ್ಲ. ಅದು ನಮ್ಮ ದೊಡ್ಡ ಸ್ಟೀಲ್ ತಪ್ಪಲೆ.

ಈಗ ತಪ್ಪಲೆಯ ಪೂರ್ವಕಥೆ.

ರಜೆಯಲ್ಲಿ ಮೊಮ್ಮಕ್ಕಳು ಪಿಜ್ಜಾ ಪಾಸ್ತಾ ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾರೆ ಅಂತ ತೀರ್ಮಾನಿಸಿದ ಅತ್ತೆ ಶನಿವಾರ ಸಂಜೆ ಉದ್ದು ರುಬ್ಬಿದರು. ಕೊಯಮತ್ತೂರಿನಲ್ಲಿ ಹುಟ್ಟಿ 110 ವೋಲ್ಟಿಗೆ ಹೊಂದಿಕೊಂಡ ನಮ್ಮ ಗ್ರೈಂಡರಿಗೆ ನಾಲ್ಕು ಲೋಟ ಉದ್ದಿನಬೇಳೆ, ಅದಕ್ಕೆ ಎಂಟು ಲೋಟ ಅಕ್ಕಿತರಿ. "ಅತ್ತೆ, ಇಷ್ಟೊಂದಾ?" ಅಂದದ್ದಕ್ಕೆ, "ಸಾಲದೇ ಬಂದ್ರೆ?" ಅಂದರು. ಈ ಪ್ರಶ್ನೆಗೆ ಮೈಸೂರಿನ ಯಾವ ಸೊಸೆಯ ಹತ್ತಿರವೂ ಉತ್ತರವಿಲ್ಲ.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಹಾಕಿದಷ್ಟೇ ಇತ್ತು. ಮಧ್ಯಾಹ್ನಕ್ಕೂ ಅಷ್ಟೇ. ನಮ್ಮ ಮನೆಯೊಳಗಿನ ತಾಪ 68 ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್. ಮನುಷ್ಯನಿಗೆ ಸ್ವೆಟರ್ ಹಾಕಿದರೆ ನಡೆಯುತ್ತೆ, ಹಿಟ್ಟಿಗೆ ನಡೆಯಲ್ಲ; ಅದಕ್ಕೆ ಮೂವತ್ತರ ಆಸುಪಾಸು ಬೇಕು. ಓವನ್ನಿನ ದೀಪ ಹಾಕಿ ಒಳಗಿಡೋದು ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಪರಂಪರಾಗತ ವಿದ್ಯೆ. ನಮ್ಮಲ್ಲಿ ಅದು ನಿಷಿದ್ಧ. ಹೋದ ವರ್ಷ ಒಳಗಿರುವುದು ನೋಡದೆ ಮಗಳು ಕುಕಿ ಬೇಯಿಸಲು 350 ಡಿಗ್ರಿಗೆ ಓವನ್ ಹಚ್ಚಿದ್ದಳು. ಹಿಟ್ಟು ಪ್ಲಾಸ್ಟಿಕ್ ಡಬ್ಬದಲ್ಲಿತ್ತು. ಆಮೇಲೆ ಯಾವುದು ಡಬ್ಬ, ಯಾವುದು ಹಿಟ್ಟು ಅಂತ ಬಿಡಿಸಲು ಆಗಲಿಲ್ಲ. ಅಂದಿನಿಂದ ಓವನ್ ಬಾಗಿಲಿಗೆ ಅವಳದೇ ಕೈಬರಹದಲ್ಲಿ ಒಂದು ಚೀಟಿ: "ಹಿಟ್ಟಿಗೆ ಪ್ರವೇಶವಿಲ್ಲ." ಹತ್ತು ವರ್ಷ ಕನ್ನಡ ಕಲಿ ಕ್ಲಾಸಿಗೆ ಕರೆದುಕೊಂಡು ಹೋದ ಫಲ, ಅದೊಂದು ಚೀಟಿ. ಒತ್ತಕ್ಷರ ಸರಿಯಾಗಿದ್ದದ್ದಕ್ಕೆ ನಾನು ಅದನ್ನು ಕಿತ್ತುಹಾಕಲಿಲ್ಲ.

ಹಾಗಾಗಿ ತಪ್ಪಲೆ ನಿರಾಶ್ರಿತವಾಗಿ ಮನೆ ತುಂಬ ಅಲೆಯಿತು. ಮೊದಲು ವೈಫೈ ಪೆಟ್ಟಿಗೆ ಪಕ್ಕ, ಕಂಬಳಿ ಹೊದ್ದುಕೊಂಡು. ಆಮೇಲೆ ಬೇಸ್‌ಮೆಂಟಿನ ಫರ್ನೇಸ್ ಹತ್ತಿರ. ಆಮೇಲೆ ಮಗನ ಹಾಸಿಗೆಯಲ್ಲಿ, ಅವನ ಜೊತೆಗೆ. ರಜೆಯ ಕೊನೆಯ ದಿನ ಅವನು ಹೇಗಿದ್ದರೂ ಎರಡು ಗಂಟೆಗೇ ಏಳುತ್ತಿದ್ದದ್ದು. ಯಾವುದಕ್ಕೂ ಹಿಟ್ಟು ಜಗ್ಗಲಿಲ್ಲ.

ಮಾವ ಕಾರಣ ಕಂಡುಹಿಡಿದರು. ಅವರು ಕೆ.ಇ.ಬಿ.ಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವರು. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ಕೆ.ಪಿ.ಟಿ.ಸಿ.ಎಲ್. ಆಯಿತು, ಮಾವ ಮಾತ್ರ ಇವತ್ತಿಗೂ ಕೆ.ಇ.ಬಿ.ಯಲ್ಲೇ ಇದ್ದಾರೆ. "ನಮ್ಮಲ್ಲಿ 230 ವೋಲ್ಟು. ಇಲ್ಲಿ 120. ದೇಶದ ವೋಲ್ಟೇಜೇ ಅರ್ಧ. ಹಿಟ್ಟು ಎಲ್ಲಿಂದ ಉಬ್ಬಬೇಕು?" ಅಂದರು.

ಮಗಳು ಬಯಾಲಜಿ ತೆಗೆದುಕೊಂಡಿದ್ದಾಳೆ. "ತಾತ, ವೋಲ್ಟೇಜ್ ಅಲ್ಲ. ಉದ್ದಿನ ಬೇಳೆ ಮೇಲೆ ಬ್ಯಾಕ್ಟೀರಿಯಾ ಇರುತ್ತೆ, ಲ್ಯೂಕೊನಾಸ್ಟಾಕ್ ಅಂತ. ಅದು ಗ್ಯಾಸ್ ಬಿಟ್ಟಾಗ ಹಿಟ್ಟು ಮೇಲೇಳುತ್ತೆ. ಚಳಿಯಲ್ಲಿ ಅದು ನಿಧಾನ" ಅಂದಳು. ಪಾಪ, ಸರಿಯಾಗೇ ಹೇಳಿದಳು. ಅತ್ತೆ ಕೇಳಿಸಿಕೊಂಡದ್ದು ಮಾತ್ರ ಒಂದೇ: ನನ್ನ ಹಿಟ್ಟಿನಲ್ಲಿ ಹುಳ ಇದೆ.

"ಹುಳ ಅಲ್ಲ ಅಜ್ಜಿ. ನಿಮ್ಮ ಕೈಯಲ್ಲೂ ಇರುತ್ತೆ. ಕೈಯಲ್ಲಿ ಕಲಸಿದ್ರೆ ಅದೂ ಸೇರ್ಕೊಳ್ಳುತ್ತೆ, ಒಳ್ಳೇದೇ."

"ನಾನು ಕೈ ತೊಳ್ಕೊಂಡೇ ಕಲಸೋದು! ಬಂದಾಗಿಂದ ನೀನೇ ಅಲ್ವೇನೇ, ಫ್ಲೂ ಫ್ಲೂ ಅಂತ ಆ ಸ್ಯಾನಿಟೈಸರ್ ಬಾಟ್ಲಿ ಕೊಟ್ಟಿದ್ದು? ದಿನಕ್ಕೆ ಹತ್ತು ಸಲ ಹಚ್ಕೊಂಡೆ."

"ಹಾಗಾದ್ರೆ ಎಲ್ಲಾ ಸತ್ತುಹೋಗಿರುತ್ತೆ ಅಜ್ಜಿ" ಅಂತ ಮಗಳು ನಕ್ಕಳು.

ಅತ್ತೆ ನಗಲಿಲ್ಲ. ಅಡುಗೆಮನೆ ದೀಪದ ಕೆಳಗೆ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. "ಅದೇ ಕಣೆ. ಕೈಗುಣ ಹೋಯ್ತು" ಅಂದರು. ಯಾರಿಗೋ ಅಲ್ಲ, ಕೈಗಳಿಗೇ ಹೇಳಿದ ಹಾಗಿತ್ತು. ಆಮೇಲೆ ಊಟ ಬೇಡ ಅಂತ ಹೋಗಿ ಮಲಗಿಬಿಟ್ಟರು. ಕನ್ನಡ ಸೀರಿಯಲ್ ನೋಡುತ್ತಿದ್ದ ಮಾವ ಏನೂ ಮಾತಾಡಲಿಲ್ಲ. ಟಿವಿಯ ದನಿ ಮಾತ್ರ ತಗ್ಗಿಸಿದರು. ಅವರು ಟಿವಿಯ ದನಿ ತಗ್ಗಿಸಿದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಇನ್ನು ಕಾರು ಯಾಕೆ ಅನ್ನುವ ವಿಷಯ. ಇದನ್ನು ಹೇಳಬಾರದು ಅಂತ ಮಗ ಪ್ರಮಾಣ ಮಾಡಿದ್ದ. ವಿಚಾರಣೆಯಲ್ಲಿ ಎರಡೇ ನಿಮಿಷಕ್ಕೆ ಬಾಯಿಬಿಟ್ಟ.

ಡಿಸೆಂಬರ್ 30, ವೈಕುಂಠ ಏಕಾದಶಿ. ಎಲ್ಲರೂ ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನಕ್ಕೆ ಹೊರಟಿದ್ದೆವು. ಹಿರಿಯರು ಅಂತ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಚಳಿ ಅಂತ ಗಂಡ ಅವರಿಗೆ ಹೇಳದೇ ಸೀಟ್ ಹೀಟರ್ ಹಾಕಿದ್ದರು. ಐದು ನಿಮಿಷಕ್ಕೆ ಮಾವನ ಮಾತು ನಿಂತಿತು. ದಾರಿಯುದ್ದಕ್ಕೂ ಮರಗಟ್ಟಿದಂತೆ ನೆಟ್ಟಗೆ ಕೂತಿದ್ದರು. "ಏಕಾದಶಿ ಉಪವಾಸ ಅಲ್ವಾ, ಧ್ಯಾನದಲ್ಲಿದ್ದಾರೆ" ಅಂತ ಅತ್ತೆ ಪಿಸುಗುಟ್ಟಿದರು. ದೇವಸ್ಥಾನದ ಮುಂದೆ ಎಲ್ಲರೂ ಇಳಿದರೂ ಅವರು ಇಳಿಯಲಿಲ್ಲ. "ನೀವು ಹೋಗಿರಿ, ಬಂದೆ" ಅಂದರು. ಮೊಮ್ಮಗನನ್ನು ಮಾತ್ರ ತಡೆದು, ಅವನ ಕಿವಿಯಲ್ಲಿ, "ಪುಟ್ಟಾ, ನನ್ನ ಪಂಚೆ ಹಿಂದೆ ಒದ್ದೆ ಆಗಿದೆಯಾ ನೋಡು" ಅಂದರಂತೆ.

ಎಪ್ಪತ್ತೆಂಟು ವರ್ಷದ ಮನುಷ್ಯ, ದೇಹ ಕೈಕೊಟ್ಟಿತು ಅಂದುಕೊಂಡು, ಸೊಸೆ ಮೊಮ್ಮಕ್ಕಳ ಮುಂದೆ ಹೇಳಲಾರದೆ, ಅಷ್ಟು ದಾರಿ ಆ ಬಿಸಿಯ ಮೇಲೆ ಅಲುಗಾಡದೆ ಕೂತಿದ್ದರು. ಅದೂ ವೈಕುಂಠದ ಬಾಗಿಲು ತೆರೆಯುವ ದಿನ. ಮಗ ಬಿದ್ದೂ ಬಿದ್ದೂ ನಕ್ಕನಂತೆ. ನಕ್ಕದ್ದಕ್ಕೆ ತಾತ ಅವನಿಗೆ ಕೊಡಬೇಕಿದ್ದ ಹೊಸವರ್ಷದ ಹತ್ತು ಡಾಲರಿನಲ್ಲಿ ಐದು ಮುರಿದುಕೊಂಡರು. ಉಳಿದ ಐದಕ್ಕೆ ಅವನು ಸೀಟ್ ಹೀಟರಿನ ಬಟನ್ ಎಲ್ಲಿದೆ, ಬ್ರೇಕಿನ ಮೇಲೆ ಕಾಲಿಟ್ಟು ಗಾಡಿ ಎಬ್ಬಿಸುವುದು ಹೇಗೆ ಅಂತ ಹೇಳಿಕೊಟ್ಟ. ತಾತ ಮೊಮ್ಮಗ ಸೇರಿದರೆ ಮನೆಗೆ ಬೀಗ ಸಾಲದು.

ಈಗ ಮತ್ತೆ ಗರಾಜಿಗೆ.

"ಮಾವ, ಏನಿದು?"

"ನೈಟ್ ಶಿಫ್ಟು" ಅಂದರು.

ಮೈಮೇಲೆ ಎರಡು ಸ್ವೆಟರ್, ಅದರ ಮೇಲೆ ಅತ್ತೆಯ ಶಾಲು. ಡ್ಯಾಶ್‌ಬೋರ್ಡಿನ ಮೇಲೆ ಯಾರೋ ಕಳಿಸಿದ ಕ್ರಿಸ್‌ಮಸ್ ಕಾರ್ಡಿನ ಲಕೋಟೆ. ಅದರ ಬೆನ್ನ ಮೇಲೆ ಮುತ್ತಿನಂಥ ಅಕ್ಷರದಲ್ಲಿ, ಸಬ್‌ಸ್ಟೇಷನ್ನಿನ ಲಾಗ್ ಬುಕ್ಕಿನ ಶೈಲಿಯಲ್ಲಿ ಬರೆದಿತ್ತು:

"4.50 – ಹಿಟ್ಟನ್ನು ಸೀಟಿನ ಮೇಲೆ ಇರಿಸಲಾಯಿತು. ಮಟ್ಟ: ಅಂಚಿನಿಂದ ಆರು ಬೆರಳು ಕೆಳಗೆ.
5.20 – ಹೀಟರ್ ತಾನಾಗಿ ಆರಿತು. ಮತ್ತೆ ಹಾಕಲಾಯಿತು.
5.50 – ಹೀಟರ್ ತಾನಾಗಿ ಆರಿತು. ಮತ್ತೆ ಹಾಕಲಾಯಿತು.
6.30 – ಮಟ್ಟ: ನಾಲ್ಕು ಬೆರಳು. ಸಣ್ಣ ಗುಳ್ಳೆಗಳು ಕಂಡುಬಂದಿವೆ.
7.15 – ಮಗ ಬಂದು ದೊಡ್ಡ ಬಾಗಿಲು ತೆರೆದ. ತಾಪ ಕುಸಿತ. ಆಕ್ಷೇಪಣೆ ದಾಖಲಿಸಲಾಗಿದೆ.
7.45 – ಮಟ್ಟ: ಎರಡು ಬೆರಳು."

ಇದರಲ್ಲಿ ನನ್ನ ಕಣ್ಣು ನಿಂತದ್ದು 7.15ರ ಸಾಲಿನ ಮೇಲೆ. "ಅಂದ್ರೆ ಇವರು ನಿಮ್ಮನ್ನ ನೋಡಿದ್ರಾ?"

"ನೋಡ್ದ. 'ಅಪ್ಪಾ, ಬರ್ತೀನಿ' ಅಂದ. ನಾನು 'ಹೂಂ' ಅಂದೆ. ವ್ಯಾನ್ ತಗೊಂಡು ಹೋದ."

ಆಮೇಲೆ ಫೋನಿನಲ್ಲಿ ಗಂಡನನ್ನು ಕೇಳಿದೆ. ಕತ್ತಲ ಗರಾಜಿನಲ್ಲಿ, ಲೈಸೆನ್ಸ್ ಇಲ್ಲದ ನಿಮ್ಮಪ್ಪ, ಪಕ್ಕದಲ್ಲಿ ಟೋಪಿ ಹಾಕಿಕೊಂಡ ಪಾತ್ರೆ, ನಿಮಗೆ ಏನೂ ಅನ್ನಿಸಲಿಲ್ವಾ? "ಏನೋ ಕೆಲಸ ಇರ್ಬೇಕು ಅಂದ್ಕೊಂಡೆ" ಅಂದರು. ತುಸು ತಡೆದು, "ಪಕ್ಕದಲ್ಲಿದ್ದದ್ದು ಅಮ್ಮ ಅಂದ್ಕೊಂಡೆ" ಅಂದರು. ಈ ಎರಡನೆಯ ಮಾತನ್ನು ನಾನು ಅತ್ತೆಗೆ ಹೇಳಿಲ್ಲ. ಬೇಕಾದಾಗ ಬಳಸಲು ಬ್ಯಾಂಕಿನಲ್ಲಿಟ್ಟಿದ್ದೇನೆ.

ನನಗೆ ನಿಜವಾಗಿ ಎದೆ ಹೊಡೆದುಕೊಂಡದ್ದು ಬೇರೆ ವಿಷಯಕ್ಕೆ. ಮುಚ್ಚಿದ ಗರಾಜಿನಲ್ಲಿ ಪೆಟ್ರೋಲ್ ಗಾಡಿ ಚಾಲೂ ಇಟ್ಟು ಕೂತರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವವೇ ಹೋಗುತ್ತೆ, ವಾಸನೆಯೂ ಬರೋದಿಲ್ಲ. ಅದನ್ನೇ ಕೂಗಾಡಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಅದಕ್ಕೇ ವ್ಯಾನ್ ಬಿಟ್ಟು ಕರೆಂಟಿನ ಗಾಡಿಗೆ ಇಟ್ಟಿದ್ದು. ನಾನೇನು ರೈಲ್ವೇನಲ್ಲಿದ್ನಾ? ಕೆ.ಇ.ಬಿ.ನಲ್ಲಿದ್ದೆ" ಅಂದರು. ರೈಲ್ವೆಯವರು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅತ್ತೆಯ ತಮ್ಮ ರೈಲ್ವೆಯಲ್ಲಿದ್ದರು, ಅಷ್ಟೇ.

"ಸೀಟ್ ಬೆಲ್ಟ್ ಯಾಕೆ?"

"ಹಾಕದಿದ್ರೆ ಕೂಗುತ್ತೆ. ಅಳತೆ ನೋಡೋಕೆ ಬಿಚ್ಚಿದ್ನಾ, ಟಿಣ್ ಟಿಣ್ ಅಂತ ಶುರು ಹಚ್ಕೊಳ್ತು."

ತಪ್ಪಲೆ ಸಮೇತ ಏಳು ಕಿಲೋ. ಕಾರು ಅದನ್ನು ಮನುಷ್ಯ ಅಂದುಕೊಂಡಿತ್ತು. ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟಿಗೆ ಮನೆಯ ಸದಸ್ಯನ ಮರ್ಯಾದೆ ಇದೆ ಅಂತ ಯಂತ್ರಕ್ಕೂ ಗೊತ್ತಾಗಿಹೋಗಿದೆ. ಸಂಜೆ ಮಗಳು ಇದಕ್ಕೂ ಕಾನೂನು ತೆಗೆದಳು. ಮಿನೆಸೋಟದಲ್ಲಿ 13 ವರ್ಷ ತುಂಬದವರು ಸಾಧ್ಯವಾದಷ್ಟೂ ಹಿಂದಿನ ಸೀಟಿನಲ್ಲೇ ಕೂರಬೇಕು, 2024ರ ಆಗಸ್ಟಿನಿಂದ ಹೀಗಂತ ಕಾಯಿದೆ ಇದೆ. ಹಿಟ್ಟಿಗೆ ಆಗಿದ್ದದ್ದು ಬರೀ ಮೂವತ್ತಾರು ಗಂಟೆ.

ನಾನು ಬಾಗಿ ಕಾರಿನ ಪರದೆ ನೋಡಿದೆ. ರಾತ್ರಿ 80 ಇದ್ದ ಬ್ಯಾಟರಿ 71ಕ್ಕೆ ಇಳಿದಿತ್ತು.

"ಮಾವ, ಇಡ್ಲಿಗೆ ಎಷ್ಟು ಕರೆಂಟ್ ಹೋಗಿದೆ ಗೊತ್ತಾ?"

"ಲೆಕ್ಕ ಹಾಕಿದ್ದೀನಮ್ಮ. ಸೀಟಿಗೆ ಅರವತ್ತು ವಾಟ್ ಅಂತ ಇಟ್ಕೋ. ಮೂರು ಗಂಟೆ. 0.18 ಯೂನಿಟ್."

"ಅದು ಸೀಟಿಂದು. ಗಾಡಿ ಒಳಗೆಲ್ಲ ಹೀಟರ್ ಓಡ್ತಾ ಇದೆ. 75 ಯೂನಿಟ್ಟಿನ ಬ್ಯಾಟರಿ. ನೂರಕ್ಕೆ ಒಂಬತ್ತು ಭಾಗ ಹೋಗಿದೆ."

ಮಾವ ಕಣ್ಣು ಮುಚ್ಚಿ ಗುಣಿಸಿದರು. "ಆರೂ ಮುಕ್ಕಾಲು" ಅಂತ ಉಸುರಿದರು. ಮುಖ ಬಿಳುಚಿತು. ಹಗಲಲ್ಲಿ ದೀಪ ಉರಿದರೆ ಮೊಮ್ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ಮನುಷ್ಯ ಅವರು. ಒಂದು ಕ್ಷಣ ನನಗೇ ಕರುಳು ಚುರುಕ್ ಅಂತು. ಅಷ್ಟರಲ್ಲಿ ಸಾವರಿಸಿಕೊಂಡು, "ನಮ್ಮೂರಲ್ಲಾದ್ರೆ ಗೃಹಜ್ಯೋತಿ. 200 ಯೂನಿಟ್ ತನಕ ಪುಕ್ಕಟೆ. ಅಲ್ಲಿದ್ದಿದ್ರೆ ತಿಂಗಳಿಗೆ ಇಪ್ಪತ್ತೊಂಬತ್ತು ಸಲ ಇಡ್ಲಿ ಮಾಡಬಹುದಿತ್ತು" ಅಂದರು. ಮೈಸೂರಿನಲ್ಲಿ ಹಿಟ್ಟು ಉಬ್ಬೋಕೆ ಕರೆಂಟೇ ಬೇಡವಲ್ಲ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನಾವಿಬ್ಬರೂ ಯೂನಿಟ್ಟಿನ ದರಕ್ಕೆ ಇಳಿದೆವು. ಡಾಲರ್, ರೂಪಾಯಿ, ಸೆಂಟ್ಸು, ಪೈಸೆ. ಇಪ್ಪತ್ತು ನಿಮಿಷ ವಾದ ನಡೆಯಿತು.

ಆ ಇಪ್ಪತ್ತು ನಿಮಿಷ ತಪ್ಪಲೆಯನ್ನು ಯಾರೂ ನೋಡಲಿಲ್ಲ.

ಮೂವತ್ತಾರು ಗಂಟೆ ಮುನಿಸಿಕೊಂಡಿದ್ದ ಹಿಟ್ಟು ಆಗ ಮನಸ್ಸು ಮಾಡಿತು. ಮೊದಲು ಮಂಕಿ ಕ್ಯಾಪ್ ನಿಧಾನವಾಗಿ ತಲೆಯೆತ್ತಿತು, ಪಕ್ಕದ ಮನೆಯ ಜಗಳ ಕೇಳಿಸಿಕೊಂಡು ಎದ್ದುಕೂತವರ ಹಾಗೆ. ಆಮೇಲೆ ಅದರೊಳಗೆ ಮುಚ್ಚಿದ್ದ ತಟ್ಟೆ ಓರೆಯಾಯಿತು. ಟೋಪಿಯ ಮುಖದ ಕಿಂಡಿಯಿಂದ ಬೆಳ್ಳಗೆ, ನೊರೆನೊರೆಯಾಗಿ ಹೊರಗಿಣುಕಿ, ಬೆಲ್ಟಿನ ಪಟ್ಟಿ ಹಿಡಿದು ಅದರಗಲಕ್ಕೂ ಇಳಿಯುತ್ತಾ ಬಂದು, ಬಕಲ್ಲಿನ ಕಿಂಡಿಯೊಳಗೆ ಸಲೀಸಾಗಿ ಹೊಕ್ಕಿತು. ಹೊಕ್ಕ ಕೂಡಲೇ ಕಾರು ಕೂಗತೊಡಗಿತು. ಟಿಣ್ ಟಿಣ್ ಟಿಣ್ ಟಿಣ್.

"ಯಾರ ಮನೇಲಿ ಮಂಗಳಾರತಿ?" ಅಂತ ಹಿಂದಿನಿಂದ ದನಿ ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಗಂಡನನ್ನು ನೋಡಿದರು, ಗಂಡನ ಮೈಮೇಲಿದ್ದ ತಮ್ಮ ಶಾಲನ್ನು ನೋಡಿದರು. ಕಾರಿನ ಬಾಗಿಲು ತೆಗೆದು ತಪ್ಪಲೆ ನೋಡಿದರು. ಹರಿಯುತ್ತಿದ್ದ ಹಿಟ್ಟನ್ನು ಬೆರಳಲ್ಲಿ ತೆಗೆದು ಮೂಸಿದರು. ನಾನು ಉಸಿರು ಹಿಡಿದೆ. ಮಾವ ಸ್ಟಿಯರಿಂಗ್ ಹಿಡಿದರು.

"ಹದವಾಗಿ ಹುಳಿ ಬಂದಿದೆ" ಅಂದರು ಅತ್ತೆ. ಮುಖ ಬೆಳಗಿತು. "ನೋಡಿದ್ಯೇನೇ? ಕೈಗುಣ ಎಲ್ಲಿಗೆ ಹೋಗುತ್ತೆ! ಸ್ವಲ್ಪ ತಡವಾಯ್ತು ಅಷ್ಟೆ."

ನಾನು ಮಾವನ ಕಡೆ ನೋಡಿದೆ. ಬೆಳಗಿನ ಜಾವದಿಂದ ಕಾವಲು ಕೂತಿದ್ದಕ್ಕೆ, ಬಟನ್ ಒತ್ತಿದ್ದಕ್ಕೆ, ಆರೂ ಮುಕ್ಕಾಲು ಯೂನಿಟ್ಟಿಗೆ ಒಂದು ಮಾತು ಆಡುತ್ತಾರೆ ಅಂದುಕೊಂಡೆ. ಅವರು ಲಾಗ್ ಬರೆದ ಲಕೋಟೆಯನ್ನು ಸದ್ದಿಲ್ಲದೆ ಮಡಚಿ ಸ್ವೆಟರಿನ ಒಳಗಿಟ್ಟುಕೊಂಡು, "ನಾನು ಹೇಳ್ಲಿಲ್ವಾ? ಸುಮ್ನೆ ಗಾಬರಿ ಬಿದ್ದೆ ನೀನು" ಅಂದರು.

ಆಗ ಅತ್ತೆಗೆ ಬೆಳಕಾಯಿತು. "ಅದ್ಸರಿ, ಇದಕ್ಕೆ ಯಾಕೆ ನಿಮ್ಮ ಟೋಪಿ ಹಾಕಿದ್ದೀರಿ? ಒಗೆದು ಎಷ್ಟು ದಿನ ಆಯ್ತು ಅದನ್ನ?"

ಅಲ್ಲಿಂದ ಮುಂದಿನ ಜಗಳವನ್ನು ಬರೆಯೋದಿಲ್ಲ. ಮೇಲಿನ ಒಂದು ಪದರ ತೆಗೆದು ಚೆಲ್ಲಿದರೆ ಸಾಕು ಅನ್ನುವಲ್ಲಿಗೆ ರಾಜಿಯಾಯಿತು. ಎಂಟೂವರೆಯ ಮೀಟಿಂಗಿಗೆ ತಡವಾಗಿ ಸೇರಿ "ಕಾರಿನ ತೊಂದರೆ" ಅಂದೆ. ಸುಳ್ಳಲ್ಲ. ಒಂಬತ್ತೂವರೆಗೆ ಕಂಪ್ಯೂಟರಿನ ಪಕ್ಕ ಒಂದು ತಟ್ಟೆ ಬಂತು. ನಾಲ್ಕು ಇಡ್ಲಿ, ಹತ್ತಿ ಮುಟ್ಟಿದ ಹಾಗೆ. ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ಕಣ್ಣು. ಕಾಯಿಚಟ್ನಿ. ಟೋಪಿಯ ವಿಷಯ ಮರೆಯೋಕೆ ಮೊದಲ ತುತ್ತಿನ ತನಕ ಮಾತ್ರ ಕಷ್ಟವಾಯಿತು.

ಆ ಸೀಟಿನ ಹೀಟರ್ ಹಾಕಿದರೆ ಈಗ ಹುಳಿ ಹಿಟ್ಟಿನ ವಾಸನೆ ಏಳುತ್ತದೆ. ಬಕಲ್ಲಿನೊಳಗೆ ಹೋದದ್ದು ಪೂರ್ತಿ ಬಂದಿಲ್ಲ. ಗಂಡನ ಸಹೋದ್ಯೋಗಿಯೊಬ್ಬರು ಬುಧವಾರ ಅಲ್ಲಿ ಕೂತು, "ನೀವು ಮನೆಯಲ್ಲೇ ಬ್ರೆಡ್ ಮಾಡ್ತೀರಾ?" ಅಂತ ಕೇಳಿದರಂತೆ. ಇವರು "ಏನೋ ಮಾಡ್ತಾರೆ" ಅಂದರಂತೆ.

ಇವತ್ತು ಶನಿವಾರ. ನಿನ್ನೆ ರಾತ್ರಿ ಅತ್ತೆ ಮತ್ತೆ ರುಬ್ಬಿದರು, ಈ ಸಲ ಎರಡೇ ಲೋಟ ಉದ್ದು. ತಾವೇ ತಪ್ಪಲೆಯನ್ನು ಗರಾಜಿಗೆ ಒಯ್ದು, ಸೀಟಿನ ಮೇಲೆ ಹಳೇ ಟವೆಲ್ ಹಾಸಿ, ತಾವೇ ಬೆಲ್ಟ್ ಕಟ್ಟಿದರು. ಬಕಲ್ಲು ಮೂರನೇ ಸಲಕ್ಕೆ ಕೂತಿತು. ಟೋಪಿ ಬದಲು ಒಗೆದ ಪಂಚೆ. "ಇದೇನತ್ತೆ?" ಅಂದರೆ, "ಹಿಟ್ಟು ಉಬ್ಬೋದು ಕೈಯಿಂದಾನೇ. ಇವರಿಗೂ ಒಂದು ಕೆಲಸ ಇರಲಿ ಅಂತ" ಅಂದರು. ತಮ್ಮ ಶಾಲನ್ನು ಮಡಿಸಿ ಡ್ರೈವರ್ ಸೀಟಿನ ಮೇಲಿಟ್ಟಿದ್ದರು.

ಬೆಳಿಗ್ಗೆ ಐದೂವರೆಗೆ ನನಗೆ ಎಚ್ಚರವಾಯಿತು. ಮನೆಯೆಲ್ಲ ಮಲಗಿತ್ತು. ಎರಡು ಲೋಟ ಕಾಫಿ ಮಾಡಿ ಗರಾಜಿನ ಬಾಗಿಲು ತೆಗೆದೆ. ಕಾರಿನ ಪುಟ್ಟ ದೀಪ. ಮುಂದೆ ಜಾಗ ಇರಲಿಲ್ಲವಾದ್ದರಿಂದ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಎಲೆಕ್ಟ್ರಿಕ್ ಗಾಡಿ, ಎಂಜಿನ್ನಿನ ಸದ್ದಿಲ್ಲ. ವೈಫೈ ಇಲ್ಲ, ಮಕ್ಕಳಿಲ್ಲ, ಬೆಣ್ಣೆ ಎಲ್ಲಿದೆ ಅಂತ ಕೇಳುವವರಿಲ್ಲ. ಮಾವ ಲಕೋಟೆಯ ಮೇಲೆ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಒಂದು ಲೋಟ ಮುಂದೆ ಚಾಚಿದೆ, ಇಸಿದುಕೊಂಡರು. ನಾನು ನನ್ನ ಲೋಟ ಬಾಯಿಗಿಟ್ಟೆ.

ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ ಅಂದರು, "ಸೀಟ್ ಬೆಲ್ಟ್ ಹಾಕ್ಕೊಳಮ್ಮ. ಇಲ್ದಿದ್ರೆ ಕೂಗುತ್ತೆ."